ಪ್ರೋಟೀನಿನ ಪ್ರಭಾವಳಿ
ರಕ್ತವನ್ನು ಹೊಕ್ಕ ನ್ಯಾನೊಕಣವು ತೊಡುವ ಉಡುಪು

ಬಂಗಾರವು ಜಡವಾದ ಲೋಹವೆಂದು ಪ್ರಸಿದ್ಧವಾಗಿದೆ. ಅದು ತುಕ್ಕು ಹಿಡಿಯುವುದಿಲ್ಲ. ಮಳೆಯಲ್ಲಾಗಲಿ ಬೆವರಿನಲ್ಲಾಗಲಿ ಕರಗುವುದಿಲ್ಲ. ತಲೆಮಾರುಗಳ ಕಾಲ ಮೈಮೇಲೆ ಧರಿಸಿದರೂ ಕೇಡುಮಾಡುವುದಿಲ್ಲ. ಹಲ್ಲಿನ ವೈದ್ಯರು ಅದನ್ನು ಬಾಯೊಳಗೇ ಕೂರಿಸುವರು. ಇಂಥ ಸಾಧು ಲೋಹವನ್ನು ಮೀಟರಿನ 20 ಕೋಟಿಯಲ್ಲಿ ಒಂದು ಪಾಲಿನಷ್ಟು ಸಣ್ಣ ಕಣಗಳಾಗಿ ಮಾಡಿ, ಮೇಲೊಂದು ತೆಳುವಾದ ಲೇಪವನ್ನು ಕೊಟ್ಟು, ಮನುಷ್ಯನ ರಕ್ತದ ಪ್ರೋಟೀನಿನೊಡನೆ ಸೇರಿಸಿದಾಗ, ಅದು ಬಿಳಿಯ ರಕ್ತಕಣಗಳ ಜಾತಿಯ ಜೀವಕೋಶಗಳಲ್ಲಿ ಉರಿಯೂತದ ಕರೆಯನ್ನು ಎಬ್ಬಿಸಬಲ್ಲುದೆಂದು 2011ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಗಾದರೆ ಬಂಗಾರವು ತನ್ನ ಗುಣವನ್ನು ಕಳೆದುಕೊಂಡಿತೆ? ಇಲ್ಲ. ರಕ್ತದಲ್ಲಿ ಆ ಕಣವು ತೊಟ್ಟುಕೊಂಡ ಉಡುಪೇ ಈ ಕೋಲಾಹಲಕ್ಕೆ ಕಾರಣ. ಆ ಉಡುಪು ಯಾವುದು, ಅದು ಹೇಗೆ ಸಿದ್ಧವಾಗುತ್ತದೆ, ರೋಗಿಯ ಹಿತಾಹಿತಗಳಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ನಾವಿಲ್ಲಿ ವಿಚಾರಮಾಡೋಣ.

ಅಳತೆಯ ಮಾತು

ಮೀಟರಿನ 100 ಕೋಟಿ ಪಾಲುಗಳಲ್ಲಿ ಒಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಕೆಂಪು ರಕ್ತಕಣದ ಅಡ್ಡಳತೆ 7,000ದಿಂದ 8,000 ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರಿನವರೆಗಿನ ಕಣಗಳನ್ನು ನ್ಯಾನೊಕಣಗಳೆಂದು ಕರೆಯುವರು.

ವಸ್ತುವನ್ನು ಇಷ್ಟು ನುಣ್ಣಗೆ ಒಡೆದಾಗ ಅದರ ಹೊರಮೈಯ ವಿಸ್ತಾರವು ಬೆರಗುಗೊಳಿಸುವಷ್ಟು ಹೆಚ್ಚುತ್ತದೆ. ಒಂದು ಗ್ರಾಂ ಬಂಗಾರವನ್ನು ಪಗಡೆಯ ದಾಳದಂತೆ ಒಂದೇ ತುಂಡಾಗಿ ಎರಕ ಹೊಯ್ದರೆ ಅದರ ಹೊರಮೈ ಒಂದು ಚದರ ಸೆಂಟಿಮೀಟರಿಗಿಂತಲೂ ಕಡಿಮೆ. ಅದೇ ಒಂದು ಗ್ರಾಮನ್ನು 5 ನ್ಯಾನೊಮೀಟರಿನ ಗುಂಡುಗಳಾಗಿ ಮಾಡಿದರೆ, ಅವುಗಳ ಒಟ್ಟು ಹೊರಮೈ 60 ಚದರ ಮೀಟರುಗಳನ್ನು ಮೀರುತ್ತದೆಂದು ಲೆಕ್ಕಹಾಕಿ ತಿಳಿಯಬಹುದು. ಎಂದರೆ 20 ಅಡಿ ಅಗಲ 30 ಅಡಿ ಉದ್ದದ ಒಂದು ನಿವೇಶನಕ್ಕಿಂತಲೂ ಹೆಚ್ಚು! ಒಂದು ವಸ್ತು ಇನ್ನೊಂದನ್ನು ಮುಟ್ಟುವುದು ಹೊರಮೈಯಿಂದಲೇ ಅಲ್ಲವೆ? ಆದುದರಿಂದ ನ್ಯಾನೊಕಣದ ವಿಷಯದಲ್ಲಿ ಒಳಗೇನಿದೆ ಎಂಬುದರಷ್ಟೇ ಹೊರಗೇನು ಅಂಟಿದೆ ಎಂಬುದೂ ಮುಖ್ಯವಾಗುತ್ತದೆ.

ಪ್ರೋಟೀನುಗಳ ಕಡಲು

ನೋಟಕ್ಕೆ ರಕ್ತವು ಕೆಂಪು ದ್ರವ. ಅದರಲ್ಲಿರುವ ಕಣಗಳನ್ನೆಲ್ಲ ಬೇರ್ಪಡಿಸಿದರೆ ಉಳಿಯುವುದು ಒಣಹುಲ್ಲಿನ ಬಣ್ಣದ ರಕ್ತರಸ, ಇದೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತಲೂ ತುಸು ಹೆಚ್ಚಿನ ಭಾಗ ಇದೇ ಆಗಿದೆ. ಇದರ ಒಂದೊಂದು ಲೀಟರಿನಲ್ಲಿಯೂ 60ರಿಂದ 80 ಗ್ರಾಂ ಪ್ರೋಟೀನುಗಳು ಬೆರೆತಿರುತ್ತವೆ. ಇವುಗಳಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಆಲ್ಬುಮಿನ್ ಎಂಬುದೊಂದೇ ಪ್ರೋಟೀನಿನದು. ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೊಜನ್ ಲೀಟರಿಗೆ 2ರಿಂದ 4 ಗ್ರಾಂ ಮಾತ್ರ. ಇವಲ್ಲದೆ ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳು, ಕೊಬ್ಬನ್ನು ಹೊರುವ ಪ್ರೋಟೀನುಗಳು, ಕಬ್ಬಿಣವನ್ನು ಸಾಗಿಸುವ ಟ್ರಾನ್ಸ್‌ಫೆರಿನ್, ಮುಂದೆ ನಾವು ವಿವರಿಸಲಿರುವ ಪೂರಕ ಪ್ರೋಟೀನುಗಳು ಮೊದಲಾಗಿ ನೂರಾರು ಬಗೆಯವು ಅಲ್ಲಿ ತೇಲುತ್ತಿರುತ್ತವೆ.

ಪ್ರೋಟೀನಿಗೆ ಮೇಲ್ಮೈಗಳನ್ನು ಹತ್ತಿಕೊಳ್ಳುವ ಸ್ವಭಾವವುಂಟು. ಹಾಲು ಕಾಸಿದ ಪಾತ್ರೆಯನ್ನು ತಣ್ಣೀರಿನಲ್ಲಿ ಎಷ್ಟು ಗಲಬರಿಸಿದರೂ ಒಳಮೈಗೆ ತೆಳುವಾದ ಪೊರೆಯೊಂದು ಅಂಟಿಕೊಂಡೇ ಇರುವುದನ್ನು ಗೃಹಿಣಿಯರು ಬಲ್ಲರು. ರಕ್ತದಲ್ಲಿ ನಡೆಯುವುದೂ ಇದೇ ಬಗೆಯ ವ್ಯಾಪಾರ. ಅಲ್ಲಿ ಬೆಂಕಿಯೂ ಬೇಕಿಲ್ಲ, ಹೆಚ್ಚು ಹೊತ್ತೂ ಬೇಕಿಲ್ಲ. ಜರ್ಮನಿಯ ಮೈನ್ಸ್ ನಗರದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರಳಿನ ಸಾರವಾದ ಸಿಲಿಕಾದ ಮತ್ತು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ನ್ಯಾನೊಕಣಗಳನ್ನು ರಕ್ತರಸಕ್ಕೆ ಹಾಕಿದ ಅರ್ಧ ನಿಮಿಷದೊಳಗೆ ಸುಮಾರು 300 ಬಗೆಯ ಪ್ರೋಟೀನುಗಳು ಅವುಗಳ ಮೈಮೇಲೆ ನೆಲೆಸಿದ್ದುವು. ಕಣವು ರಕ್ತದಲ್ಲಿ ಬೆತ್ತಲೆಯಾಗಿ ಇರುವುದು ಅಷ್ಟು ಹೊತ್ತು ಮಾತ್ರ.

ಬಂದವರು, ಎದ್ದವರು

ಮೇಲ್ಮೈಗಳ ಮೇಲೆ ಪ್ರೋಟೀನುಗಳು ನಡೆಸುವ ಈ ವ್ಯವಹಾರವನ್ನು ಮೊದಲು ಸೂಕ್ಷ್ಮವಾಗಿ ಗಮನಿಸಿದವರಲ್ಲಿ ಲಿಯೊ ವ್ರೋಮನ್ ಎಂಬ ವಿಜ್ಞಾನಿ ಪ್ರಮುಖನು. 1915ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಹುಟ್ಟಿದ ಈತನು ಡಚ್ ಭಾಷೆಯ ಹೆಸರಾಂತ ಕವಿಯೂ ಆಗಿದ್ದನು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿದ್ದು, ಯುದ್ಧಾನಂತರ ಅಮೆರಿಕಕ್ಕೆ ಹೋಗಿ ನೆಲೆಸಿ, ರಕ್ತದ ಸಂಶೋಧನೆಯಲ್ಲಿ ಬಾಳನ್ನು ಕಳೆದನು. ಗಾಜು ಮೊದಲಾದವುಗಳ ಮೇಲೆ ರಕ್ತರಸವನ್ನು ಹರಿಸಿದಾಗ ಮೊದಲು ಅಂಟಿದ ಪ್ರೋಟೀನುಗಳೇ ಕೊನೆಯವರೆಗೂ ಇರುವುದಿಲ್ಲ. ಅವು ಬೇರೆಯವುಗಳಿಗೆ ಸ್ಥಳವನ್ನು ಬಿಟ್ಟುಕೊಡುತ್ತವೆ ಎಂಬುದು 1960ರ ದಶಕದಿಂದ ಆತನು ನಡೆಸಿದ ಪ್ರಯೋಗಗಳಿಂದ ತಿಳಿಯಿತು.

ಇದನ್ನು ಮದುವೆಯ ಚಪ್ಪರಕ್ಕೆ ಹೋಲಿಸಬಹುದು. ಮುಂದಿನ ಸಾಲಿನಲ್ಲಿ ಮೊದಲು ಕೂರುವವರು ಬೇಗ ಬಂದ ಹುಡುಗರು; ಏಕೆಂದರೆ ಅವರ ಸಂಖ್ಯೆಯೂ ಹೆಚ್ಚು, ಓಟವೂ ಹೆಚ್ಚು. ಬೀಗರು ಬಂದೊಡನೆ ಹುಡುಗರು ಎದ್ದು ಹಿಂದೆ ಸರಿಯಬೇಕಾಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಹೇರಳವಾಗಿರುವುದರಿಂದ ಮೊದಲು ಬಂದು ಕೂರುತ್ತದೆ. ಸಂಖ್ಯೆಯಲ್ಲಿ ಕಡಿಮೆಯಾದರೂ ಆ ಮೇಲ್ಮೈಯಲ್ಲಿ ಹೆಚ್ಚು ಒಲವುಳ್ಳ ಪ್ರೋಟೀನುಗಳು ತಡವಾಗಿ ಬಂದು ಅದನ್ನು ಎಬ್ಬಿಸುತ್ತವೆ. ಈ ಸ್ಥಾನಪಲ್ಲಟಕ್ಕೆ ವ್ರೋಮನ್ ಪರಿಣಾಮವೆಂದೇ ಹೆಸರು ಬಂದಿದೆ.

2007ರಲ್ಲಿ ಐರ್ಲೆಂಡಿನ ಡಬ್ಲಿನ್ ಮತ್ತು ಸ್ವೀಡನ್ನಿನ ಲುಂಡ್ ನಗರಗಳ ವಿಜ್ಞಾನಿಗಳು ಈ ವಿಚಾರವನ್ನು ನ್ಯಾನೊಕಣಗಳಿಗೆ ಅನ್ವಯಿಸಿ, ಕಣವನ್ನು ಸುತ್ತುವ ಪದರಕ್ಕೆ ಪ್ರೋಟೀನ್ ಕರೋನ ಎಂಬ ಹೆಸರನ್ನು ಬಳಕೆಗೆ ತಂದರು. ಲ್ಯಾಟಿನ್ ಭಾಷೆಯಲ್ಲಿ ಕರೋನ ಎಂದರೆ ಕಿರೀಟ. ದೇವರ ವಿಗ್ರಹವನ್ನು ಸುತ್ತುವರಿದಿರುವ ಪ್ರಭಾವಳಿಯನ್ನು ಕಂಡಿರುವ ನಮಗೆ ಪ್ರೋಟೀನಿನ ಪ್ರಭಾವಳಿ ಎಂಬುದೇ ಹೆಚ್ಚು ಸಹಜವಾಗಿ ತೋರುತ್ತದೆ. ಇದರಲ್ಲಿ ಎರಡು ಪದರಗಳುಂಟು. ಕಣಕ್ಕೆ ಬಿಗಿಯಾಗಿ ಅಂಟಿ ಗಂಟೆಗಟ್ಟಲೆ ಉಳಿಯುವುದು ಗಟ್ಟಿ ಪದರ. ಅದರ ಹೊರಗೆ ಸಡಿಲವಾಗಿ ನಿಂತು ಬೇಗಬೇಗನೆ ಬದಲಾಗುತ್ತಿರುವುದು ಮೆದು ಪದರ. ಜೀವಕೋಶಗಳು ಕಣವನ್ನು ಸಂಧಿಸಿದಾಗ ಅವುಗಳ ಕೈಗೆ ಸಿಕ್ಕುವುದು ಈ ಹೊದಿಕೆ. ಬಂಗಾರವೋ ಕಬ್ಬಿಣವೋ ಕೊಬ್ಬಿನ ಗುಳ್ಳೆಯೋ ಎಂಬುದು ಅವುಗಳಿಗೆ ನೇರವಾಗಿ ತಿಳಿಯುವುದಿಲ್ಲ. ಹೊದಿಕೆಯನ್ನು ನೋಡಿಯೇ ಅವು ಮಿತ್ರನೋ ಶತ್ರುವೋ ಎಂದು ತೀರ್ಮಾನಿಸುತ್ತವೆ.

ಸುಳ್ಳು ಗಾಯದ ಸುದ್ದಿ

ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯೇರುವುದು, ನೋಯುವುದು: ಇವು ನಾಲ್ಕೂ ಉರಿಯೂತದ ಲಕ್ಷಣಗಳೆಂದು ಸುಮಾರು 2,000 ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಬರೆದಿಟ್ಟಿದ್ದಾನೆ. ಮುಳ್ಳು ಚುಚ್ಚಿದ ಬೆರಳಿನಲ್ಲಿ ನಾವೆಲ್ಲರೂ ಇದನ್ನು ಕಂಡಿದ್ದೇವೆ. ಉರಿಯೂತವು ಸ್ವತಃ ರೋಗವಲ್ಲ. ಅದು ದೇಹದ ಕಾವಲಿನ ಏರ್ಪಾಡು. ಆದರೆ ಕಳ್ಳನಿಲ್ಲದೆಡೆಯಲ್ಲಿ ಕಾವಲುಗಾರರು ಕೂಗೆಬ್ಬಿಸಿ ದೊಣ್ಣೆ ಬೀಸತೊಡಗಿದರೆ ಮನೆಯ ಮಡಕೆಗಳೇ ಒಡೆಯುವುವು. ನ್ಯಾನೊಕಣಗಳ ಹೊದಿಕೆಯು ಇಂಥ ಸುಳ್ಳು ಕೂಗಿಗೆ ಎಡೆಗೊಡುವ ದಾರಿಗಳಲ್ಲಿ ಎರಡನ್ನು ಇಲ್ಲಿ ನೋಡೋಣ.

ಮೊದಲನೆಯದು ಫೈಬ್ರಿನೊಜನ್ನಿನ ದಾರಿ. ಇದು ಸುಮಾರು 45 ನ್ಯಾನೊಮೀಟರ್ ಉದ್ದದ ಹುರಿಯಂಥ ಪ್ರೋಟೀನು. ಎಲ್ಲ ಪ್ರೋಟೀನುಗಳಂತೆ ಇದೂ ಅಮೈನೊ ಆಮ್ಲಗಳ ಸರಪಳಿಯೇ. ಆ ಸರಪಳಿ ನಿಶ್ಚಿತವಾದ ರೀತಿಯಲ್ಲಿ ಮಡಿಸಿಕೊಂಡಿರುತ್ತದೆ. ರಕ್ತದಲ್ಲಿ ತೇಲುತ್ತಿರುವಾಗ ಅದರ ಒಂದು ಸಣ್ಣ ತುಣುಕು ಮಡಿಕೆಯೊಳಗೆ ಮರೆಯಾಗಿರುತ್ತದೆ. ಗಾಯವಾಗಿ ರಕ್ತವು ಹೆಪ್ಪುಗಟ್ಟಿದಾಗ ಫೈಬ್ರಿನೊಜನ್ ಫೈಬ್ರಿನ್ ಎಂಬ ಬಲೆಯಾಗಿ ಮಾರ್ಪಡುತ್ತದೆ. ಮರೆಯಲ್ಲಿದ್ದ ತುಣುಕು ಆಗ ಹೊರಗೆ ಕಾಣಿಸಿಕೊಳ್ಳುತ್ತದೆ. ಬಿಳಿಯ ರಕ್ತಕಣಗಳ ಮೈಮೇಲಿರುವ ಮ್ಯಾಕ್-1 ಎಂಬ ಗ್ರಾಹಕವು ಈ ತುಣುಕನ್ನು ಹಿಡಿದು, ಇಲ್ಲಿ ಗಾಯವಾಗಿದೆ ಎಂದು ತಿಳಿಯುತ್ತದೆ. ರಕ್ತದ ತುಂಬ ಫೈಬ್ರಿನೊಜನ್ ಇದ್ದರೂ ನಮ್ಮ ಮೈ ಸದಾ ಉರಿಯದಿರುವುದಕ್ಕೆ ಆ ತುಣುಕಿನ ಮರೆಯೇ ಒಂದು ರಕ್ಷೆ.

ಕ್ವೀನ್ಸ್‌ಲೆಂಡಿನ ಪ್ರಯೋಗದಲ್ಲಿ ಬಂಗಾರದ ಕಣಗಳಿಗೆ ಪಾಲಿಅಕ್ರಿಲಿಕ್ ಆಮ್ಲದ ಲೇಪವಿದ್ದಿತು. ಅದರಿಂದ ಅವುಗಳಿಗೆ ಋಣ ವಿದ್ಯುದಂಶವು ಪ್ರಾಪ್ತವಾಗಿದ್ದಿತು. ಫೈಬ್ರಿನೊಜನ್ ಅವುಗಳಿಗೆ ಬಿಗಿಯಾಗಿ ಅಂಟಿಕೊಂಡು, ಆ ಸೆಳೆತದಲ್ಲಿ ತನ್ನ ಮಡಿಕೆಗಳನ್ನು ಬಿಚ್ಚಿತು. ಮರೆಯಾಗಿದ್ದ ತುಣುಕು ಬಯಲಾಯಿತು. ಮ್ಯಾಕ್-1 ಅದನ್ನು ಹಿಡಿಯಿತು. ಕೂಡಲೇ ಜೀವಕೋಶದೊಳಗೆ ಎಚ್ಚರಿಕೆಯ ಗಂಟೆ ಬಾರಿಸಿ, ಉರಿಯೂತವನ್ನು ಹರಡುವ ಸೈಟೊಕೈನ್ ಎಂಬ ದ್ರವ್ಯಗಳು ಹೊರಬಿದ್ದುವು. ಗಾಯವೇ ಇಲ್ಲದೆ ಗಾಯದ ಸುದ್ದಿ ತಲಪಿತು! ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಅದೇ ಲೇಪವುಳ್ಳ, ಆದರೆ ಗಾತ್ರದಲ್ಲಿ ದೊಡ್ಡವಾದ ಕಣಗಳಿಗೂ ಫೈಬ್ರಿನೊಜನ್ ಅಂಟಿಕೊಂಡಿತು. ಆದರೆ ಅವು ಈ ಕೂಗನ್ನು ಎಬ್ಬಿಸಲಿಲ್ಲ. ಯಾವ ಪ್ರೋಟೀನು ಅಂಟಿತೆಂದು ತಿಳಿದರೆ ಸಾಲದು. ಅಂಟಿದ ಮೇಲೆ ಅದು ಯಾವ ಭಂಗಿಯಲ್ಲಿದೆ ಎಂಬುದನ್ನೂ ತಿಳಿಯಬೇಕೆಂದು ಇದರಿಂದ ಸ್ಪಷ್ಟವಾಗುತ್ತದೆ.

ಪೂರಕ ವ್ಯೂಹ

ಎರಡನೆಯ ದಾರಿ ಪೂರಕ ವ್ಯೂಹದ್ದು. 19ನೆಯ ಶತಮಾನದ ಕೊನೆಯಲ್ಲಿ ಬೆಲ್ಜಿಯಮ್ಮಿನ ಜೂಲ್ಸ್ ಬೋರ್ಡೆಯು ರೋಗಾಣುಗಳನ್ನು ಕೊಲ್ಲಲು ಪ್ರತಿಕಾಯಗಳಷ್ಟೇ ಸಾಲವೆಂದೂ, ರಕ್ತದಲ್ಲಿರುವ ಮತ್ತೊಂದು ದ್ರವ್ಯದ ನೆರವು ಬೇಕೆಂದೂ ಕಂಡುಹಿಡಿದನು. 1919ರ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು. ಆ ಒಂದು ದ್ರವ್ಯವೆಂದು ಭಾವಿಸಿದ್ದು ವಾಸ್ತವವಾಗಿ 30ಕ್ಕೂ ಹೆಚ್ಚಿನ ಪ್ರೋಟೀನುಗಳ ಒಂದು ವ್ಯೂಹವೆಂದು ಅನಂತರ ತಿಳಿದುಬಂದಿತು. ಈ ವ್ಯೂಹದ ನಡುಗಂಬ ಸಿ-3 ಎಂಬ ಪ್ರೋಟೀನು. ಪರಕೀಯವಾದುದನ್ನು ಕಂಡಾಗ ಇದು ಎರಡಾಗಿ ಸೀಳುತ್ತದೆ. ದೊಡ್ಡ ಹೋಳು ಪರಕೀಯ ವಸ್ತುವಿನ ಮೈಗೆ ಅಂಟಿಕೊಳ್ಳುವುದು. ಸಣ್ಣ ಹೋಳು ರಕ್ತದಲ್ಲಿ ಹರಿದುಹೋಗಿ ಅಪಾಯದ ಸುದ್ದಿಯನ್ನು ಸಾರುವುದು.

ಮೈಗೆ ಅಂಟಿದ ಹೋಳಿನ ಕೆಲಸವನ್ನು ವಿವರಿಸುವ ಸೊಗಸಾದ ಹೆಸರೊಂದನ್ನು ಇಂಗ್ಲೆಂಡಿನ ಆಲ್ಮ್‌ರಾತ್ ರೈಟ್ 1903ರಲ್ಲಿ ಬಳಕೆಗೆ ತಂದನು: ಆಪ್ಸೊನಿನ್. ಆಹಾರವನ್ನು ಉಣ್ಣಲು ಸಿದ್ಧಪಡಿಸುವುದೆಂಬರ್ಥದ ಗ್ರೀಕ್ ಮೂಲದಿಂದ ಬಂದ ಮಾತು ಇದು. ನಮ್ಮ ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಒಗ್ಗರಣೆ ಬಿದ್ದ ಸಾರಿನ ಕಡೆಗೆ ಹಸಿದವರು ಧಾವಿಸುವಂತೆ, ಈ ಹೋಳುಗಳು ಅಂಟಿದ ವಸ್ತುವಿನ ಕಡೆಗೆ ಭಕ್ಷಕ ಕೋಶಗಳು ಧಾವಿಸುತ್ತವೆ. ಇಂಥ ಕೋಶಗಳು ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಹೇರಳವಾಗಿವೆ. ರಕ್ತಕ್ಕೆ ಚುಚ್ಚಿದ ನ್ಯಾನೊಕಣಗಳಲ್ಲಿ ಹೆಚ್ಚಿನವು ಉದ್ದೇಶಿತ ಸ್ಥಳವನ್ನು ತಲಪದೆ ಈ ಎರಡು ಅಂಗಗಳಲ್ಲಿಯೇ ಸಿಕ್ಕಿಬೀಳುವುದಕ್ಕೆ ಇದೊಂದು ಕಾರಣ. ಸುದ್ದಿಗಾರ ಹೋಳುಗಳ ಕೆಲಸ ಇನ್ನೂ ತೀವ್ರವಾದುದು. ಇವು ಮಾಸ್ಟ್ ಕೋಶಗಳೆಂಬವನ್ನು ಮುಟ್ಟಿದೊಡನೆ ಹಿಸ್ಟಮೀನ್ ಮೊದಲಾದ ದ್ರವ್ಯಗಳು ಚೆಲ್ಲಿ, ರಕ್ತನಾಳಗಳು ಸಡಿಲುತ್ತವೆ, ಮುಖ ಕೆಂಪೇರುತ್ತದೆ, ಉಸಿರು ಕಟ್ಟಿದಂತಾಗುತ್ತದೆ.

ಪ್ರಭಾವಳಿಗೂ ಈ ವ್ಯೂಹಕ್ಕೂ ಇರುವ ನಂಟನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದ ಸಂಶೋಧಕರು ಬಯಲುಮಾಡಿದರು. ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳ ಮೇಲೆ ಸಿ-3 ಅಂಟುವುದು ಕಣದ ಮೇಲ್ಮೈಗಿಂತ ಹೆಚ್ಚಾಗಿ, ಅಲ್ಲಿ ಆಗಲೇ ಕುಳಿತಿರುವ ಬೇರೆ ಪ್ರೋಟೀನುಗಳ ಮೇಲೆ ಎಂದು ಅವರು 2017ರಲ್ಲಿ ತೋರಿಸಿದರು. ಹೊದಿಕೆಯಲ್ಲಿ ಪ್ರತಿಕಾಯದ ಕೆಲವೇ ಅಣುಗಳು ಸೇರಿಕೊಂಡಿದ್ದರೂ ಪೂರಕ ವ್ಯೂಹವು ಎಚ್ಚರಗೊಳ್ಳಲು ಅಷ್ಟು ಸಾಕೆಂಬುದು 2019ರಲ್ಲಿ ಪ್ರಕಟವಾದ ಅವರ ಮುಂದಿನ ಕೆಲಸದಿಂದ ತಿಳಿಯಿತು.

ರೋಗಿಯ ಹಾಸಿಗೆಯ ಬಳಿ

ಇದೆಲ್ಲ ಗಾಜಿನ ನಳಿಕೆಯೊಳಗಿನ ವಿನೋದವೆಂದು ವಾಚಕರು ಎಣಿಸಬಾರದು. ಡಾಕ್ಸೊರುಬಿಸಿನ್ ಎಂಬುದು ಅರ್ಬುದ ರೋಗಕ್ಕೆ ಕೊಡುವ ಔಷಧಿ. ಅದು ಹೃದಯಕ್ಕೆ ಹಾನಿಮಾಡಬಲ್ಲುದು. ಆ ಹಾನಿಯನ್ನು ತಗ್ಗಿಸಲು ಅದನ್ನು 100 ನ್ಯಾನೊಮೀಟರಿನ ಆಸುಪಾಸಿನ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ, ಹೊರಗೆ ಪಾಲಿಎಥಿಲೀನ್ ಗ್ಲೈಕಾಲಿನ ಎಳೆಗಳನ್ನು ಹೊದಿಸಿ ತಯಾರಿಸಿದ ಡಾಕ್ಸಿಲ್ ಎಂಬ ಔಷಧಿಗೆ ಅಮೆರಿಕವು 1995ರಲ್ಲಿ ಒಪ್ಪಿಗೆಯಿತ್ತಿತು. ಪ್ರೋಟೀನುಗಳನ್ನು ದೂರವಿಟ್ಟು ಭಕ್ಷಕ ಕೋಶಗಳ ಕಣ್ಣು ತಪ್ಪಿಸುವುದೇ ಆ ಎಳೆಗಳ ಉದ್ದೇಶ. ಇದರಿಂದ ಔಷಧಿಯು ದಿನಗಟ್ಟಲೆ ರಕ್ತದಲ್ಲಿ ಸಂಚರಿಸುವಂತಾಯಿತು. ಅನೇಕ ರೋಗಿಗಳಿಗೆ ಉಪಕಾರವೂ ಆಯಿತು.

ಆದರೂ ಗಡ್ಡೆಯ ರೋಗವುಳ್ಳವರಲ್ಲಿ ಸುಮಾರು 100ಕ್ಕೆ 11 ಮಂದಿಗೆ ಔಷಧಿ ಒಳಸೇರುತ್ತಿರುವಾಗಲೇ ಮುಖ ಕೆಂಪಾಗುವುದು, ಏದುಸಿರು, ಎದೆ ಬಿಗಿತ, ರಕ್ತದ ಒತ್ತಡ ಕುಸಿಯುವುದು ಮೊದಲಾದ ತೊಂದರೆಗಳು ಕಂಡುಬಂದುವು. ಸಾಮಾನ್ಯವಾದ ಒಗ್ಗದಿರುವಿಕೆಯಲ್ಲಿ ದೇಹವು ಆ ವಸ್ತುವನ್ನು ಹಿಂದೊಮ್ಮೆ ಸಂಧಿಸಿರಬೇಕು. ಇಲ್ಲಿಯಾದರೋ ಹೆಚ್ಚಿನ ತೊಂದರೆಗಳು ಬಂದುದು ಮೊದಲನೆಯ ಸಲವೇ. ಹಂಗೆರಿಯ ಯಾನೋಶ್ ಸೆಬೆನಿ ಮತ್ತು ಸಂಗಡಿಗರು ಇದರ ಹಿಂದೆ ಪೂರಕ ವ್ಯೂಹದ ಕೈವಾಡವಿದೆಯೆಂದು ಪ್ರತಿಪಾದಿಸಿದರು. ಈ ತಿಳಿವಳಿಕೆಗೆ ಒಪ್ಪುವಂಥ ಪರಿಹಾರ ಬಲು ಸರಳವಾದುದು: ಔಷಧಿಯನ್ನು ನಿಧಾನವಾಗಿ ಹನಿಸುವುದು. ಡಾಕ್ಸಿಲನ್ನು ಮೊದಲು ನಿಮಿಷಕ್ಕೆ 1 ಮಿಲಿಗ್ರಾಂನಂತೆ ಆರಂಭಿಸಿ, ರೋಗಿಗೆ ಸಹಿಸಿದರೆ ಮಾತ್ರ ವೇಗವನ್ನು ಹೆಚ್ಚಿಸಬೇಕೆಂದು ವೈದ್ಯರಿಗೆ ಸೂಚನೆಯಿದೆ. ರೋಗಿಯ ಬಳಿ ನಿಂತು ಹನಿಯನ್ನು ಎಣಿಸುವ ದಾದಿಯ ತಾಳ್ಮೆಗೆ ಹೀಗೆ ಶಾಸ್ತ್ರದ ಬೆಂಬಲವೂ ಉಂಟು.

ಉಪಕಾರಿಯಾದ ಉಡುಪು

ಪ್ರಭಾವಳಿಯು ಯಾವಾಗಲೂ ಕೇಡನ್ನೇ ತರುವುದೆಂದು ಭಾವಿಸುವುದು ಸರಿಯಲ್ಲ. 2018ರಲ್ಲಿ ಒಪ್ಪಿಗೆ ಪಡೆದ ಪಾಟಿಸಿರಾನ್ ಎಂಬ ಔಷಧಿಯನ್ನು ನೋಡಿ. ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನೊಂದು ಹುಟ್ಟಿನಿಂದಲೇ ದೋಷಯುಕ್ತವಾಗಿ ನರಗಳಲ್ಲಿ ಶೇಖರವಾಗುವ ಅಪರೂಪದ ರೋಗವೊಂದಿದೆ. ಆ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಆರ್‌ಎನ್‌ಎ ತುಣುಕುಗಳನ್ನು ಕೊಬ್ಬಿನ ನ್ಯಾನೊಕಣಗಳಲ್ಲಿ ಇರಿಸಿ ರಕ್ತಕ್ಕೆ ಬಿಡುವರು. ಅಲ್ಲಿ ಅಪೊಲೈಪೊಪ್ರೋಟೀನ್-ಇ ಎಂಬ, ಕೊಬ್ಬನ್ನು ಹೊರುವ ಪ್ರೋಟೀನು ಈ ಕಣಗಳ ಮೇಲೆ ಬಂದು ಕೂರುತ್ತದೆ. ಯಕೃತ್ತಿನ ಜೀವಕೋಶಗಳಲ್ಲಿ ಈ ಪ್ರೋಟೀನಿಗೆಂದೇ ಬಾಗಿಲುಗಳಿವೆ. ಪರಿಚಿತ ಅತಿಥಿಯನ್ನು ಕಂಡು ಅವು ಬಾಗಿಲು ತೆರೆಯಲು, ಔಷಧಿಯೂ ಒಳಹೊಗುತ್ತದೆ. ಕಾರ್ಖಾನೆಯಲ್ಲಿ ಹಾಕದ ವಿಳಾಸವನ್ನು ರೋಗಿಯ ರಕ್ತವೇ ಬರೆದಂತಾಯಿತು! ಆದರೂ ಇಲ್ಲಿಯೂ ಎಚ್ಚರ ತಪ್ಪಿದ್ದಲ್ಲ. ಉರಿಯೂತವನ್ನು ತಗ್ಗಿಸುವ ಔಷಧಿಗಳನ್ನು ಒಂದು ಗಂಟೆ ಮೊದಲೇ ಕೊಟ್ಟು, ಅನಂತರ ಸುಮಾರು 80 ನಿಮಿಷಗಳ ಕಾಲ ಇದನ್ನು ಹನಿಸುವರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಅರ್ಬುದದ ಜೀವಕೋಶಗಳು ಟ್ರಾನ್ಸ್‌ಫೆರಿನ್ನನ್ನು ಹೆಚ್ಚಾಗಿ ಬಯಸುವುದರಿಂದ, ಅದನ್ನು ಕಣಗಳಿಗೆ ಅಂಟಿಸಿದರೆ ಕಣಗಳು ಆ ಕೋಶಗಳನ್ನೇ ಹುಡುಕಿಕೊಂಡು ಹೋಗುವುವೆಂದು ನಿರೀಕ್ಷೆಯಿದ್ದಿತು. ಬರಿಯ ದ್ರಾವಣದಲ್ಲಿ ಹಾಗೆಯೇ ಆಯಿತು. ರಕ್ತದ ಪ್ರೋಟೀನುಗಳು ಬೆರೆತೊಡನೆ ಅವು ಮೇಲೆ ಕವಿದು ಟ್ರಾನ್ಸ್‌ಫೆರಿನ್ನನ್ನು ಮುಚ್ಚಿಬಿಟ್ಟುವು. ಕಣಗಳು ಗುರಿಯನ್ನು ಗುರುತಿಸಲಾರದೆ ಹೋದುವು. ಡಬ್ಲಿನ್ ಸಂಶೋಧಕರು 2013ರಲ್ಲಿ ಇದನ್ನು ಪ್ರಕಟಿಸಿದರು.

ಯಾರ ರಕ್ತದಲ್ಲಿ ಪರೀಕ್ಷೆ?

ಈ ಉದಾಹರಣೆಗಳಿಂದ ಒಂದು ಮುಖ್ಯವಾದ ಪ್ರಶ್ನೆ ಹುಟ್ಟುತ್ತದೆ. ಪ್ರಯೋಗಶಾಲೆಗಳಲ್ಲಿ ಜೀವಕೋಶಗಳನ್ನು ಬೆಳಸುವ ದ್ರವಕ್ಕೆ ಸಾಮಾನ್ಯವಾಗಿ 100ಕ್ಕೆ 10 ಪಾಲು ದನದ ಭ್ರೂಣದ ರಕ್ತದಿಂದ ತೆಗೆದ ಸೀರಮನ್ನು ಸೇರಿಸುವರು. ಹೆಪ್ಪುಗಟ್ಟಿದ ರಕ್ತದಿಂದ ತೆಗೆದುದಾದ್ದರಿಂದ ಸೀರಮಿನಲ್ಲಿ ಫೈಬ್ರಿನೊಜನ್ ಉಳಿದಿರುವುದಿಲ್ಲ. ಬಿಸಿಮಾಡಿ ಬಳಸಿದರೆ ಪೂರಕ ವ್ಯೂಹವೂ ಕೆಲಸಮಾಡುವುದಿಲ್ಲ. ನಾವು ಮೇಲೆ ಕಂಡ ಎರಡು ದಾರಿಗಳೂ ಅಲ್ಲಿ ಮುಚ್ಚಿಹೋಗಿರುತ್ತವೆ! ಅಂಥ ದ್ರವದಲ್ಲಿ ನಿರುಪದ್ರವಿಯಾಗಿ ಕಂಡ ಕಣವು ಮನುಷ್ಯನ ರಕ್ತದಲ್ಲಿಯೂ ಹಾಗೆಯೇ ಇರುವುದೆಂದು ನಂಬುವುದು ಹೇಗೆ? ಇಲಿಯ ರಕ್ತ ಬೇರೆ, ಮನುಷ್ಯನದು ಬೇರೆ. ಮನುಷ್ಯರಲ್ಲಿಯೂ ಸೋಂಕು ತಗುಲಿದಾಗ, ಗರ್ಭಧರಿಸಿದಾಗ, ಬೇನೆಯಿದ್ದಾಗ ರಕ್ತದ ಪ್ರೋಟೀನುಗಳ ಪ್ರಮಾಣ ಬದಲಾಗುತ್ತದೆ. ಬಟ್ಟೆ ಬದಲಾದಂತೆ ಉಡುಪೂ ಬದಲಾಗದಿರುವುದುಂಟೆ? ಒಂದೇ ಕಣವು ಬೇರೆಬೇರೆ ರೋಗಿಗಳಲ್ಲಿ ಬೇರೆಬೇರೆ ಹೊದಿಕೆಯನ್ನು ತೊಡಬಲ್ಲುದು. ಔಷಧಿಯು 100 ಮಂದಿಯಲ್ಲಿ 89 ಮಂದಿಗೆ ಒಗ್ಗಿ 11 ಮಂದಿಗೆ ಒಗ್ಗದಿರುವ ರಹಸ್ಯದ ಒಂದು ಎಳೆ ಇಲ್ಲಿರಬಹುದು.

ಔಷಧಿಯನ್ನು ಚುಚ್ಚಿಸಿಕೊಳ್ಳದವರಿಗೂ ಈ ವಿಚಾರವು ಹೊರತಲ್ಲ. ಡೀಸೆಲ್ ವಾಹನಗಳ ಮತ್ತು ಸೌದೆಯ ಒಲೆಯ ಹೊಗೆಯಲ್ಲಿ ನ್ಯಾನೊಕಣಗಳು ಅಸಂಖ್ಯಾತವಾಗಿವೆ. ಉಸಿರಿನೊಡನೆ ಹೋದ ಕಣಗಳು ರಕ್ತವನ್ನು ಸೇರಬಲ್ಲುವೆ ಎಂದರಿಯಲು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಆರೋಗ್ಯವಂತರಾದ ಸ್ವಯಂಸೇವಕರಿಗೆ ಬಂಗಾರದ ನ್ಯಾನೊಕಣಗಳುಳ್ಳ ಗಾಳಿಯನ್ನು ಉಸಿರಾಡಲು ಕೊಟ್ಟರು. 24 ಗಂಟೆಗಳೊಳಗೆ ಬಂಗಾರವು ಅವರಲ್ಲಿ ಹಲವರ ರಕ್ತದಲ್ಲಿ ಕಂಡುಬಂದಿತು. 3 ತಿಂಗಳ ಮೇಲೂ ಮೂತ್ರದಲ್ಲಿ ಅದರ ಅಂಶವಿದ್ದಿತು. 2017ರಲ್ಲಿ ಈ ಸಂಗತಿ ಪ್ರಕಟವಾಯಿತು. ಹೊಗೆಯ ಕಣಗಳಿಗೆ ರಕ್ತದೊಳಕ್ಕೆ ದಾರಿಯುಂಟೆಂದಮೇಲೆ, ಪ್ರೋಟೀನುಗಳು ಅವುಗಳಿಗೂ ಉಡುಪು ತೊಡಿಸದೆ ಬಿಡುವುದಿಲ್ಲ.

ಆದುದರಿಂದ ನ್ಯಾನೊಕಣವು ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ ಉತ್ತರ ಸಿಕ್ಕದು. ಅದರ ಗಾತ್ರವೆಷ್ಟು, ಲೇಪ ಯಾವುದು, ಯಾರ ರಕ್ತದಲ್ಲಿ ಯಾವ ಪ್ರೋಟೀನನ್ನು ಯಾವ ಭಂಗಿಯಲ್ಲಿ ಧರಿಸಿತು ಎಂದು ಕೇಳಬೇಕು. ಔಷಧಿಯನ್ನು ತಯಾರಿಸುವವರು ಕಣವನ್ನು ರೂಪಿಸುವಷ್ಟೇ ಶ್ರದ್ಧೆಯಿಂದ ಅದರ ಪ್ರಭಾವಳಿಯನ್ನು ಮನುಷ್ಯರ ರಕ್ತದಲ್ಲಿ, ಅದರಲ್ಲಿಯೂ ರೋಗಿಗಳ ರಕ್ತದಲ್ಲಿ, ಪರೀಕ್ಷಿಸಿ ನೋಡುವುದು ಅವಶ್ಯಕ. ಆ ಪರೀಕ್ಷೆಗೆ ಬೇಕಾದುದು ಕೆಲವು ಹನಿ ರಕ್ತ ಮತ್ತು ಅರ್ಧ ನಿಮಿಷದಲ್ಲಿ ಮುಗಿಯುವ ಒಂದು ಘಟನೆಯನ್ನು ಓದಬಲ್ಲ ಸಾಧನಗಳು. ಹನ್ನೊಂದು ಮಂದಿಯ ಉಸಿರನ್ನು ಉಳಿಸಲು ಅದು ಹೆಚ್ಚಿನ ಬೆಲೆಯೇನೂ ಅಲ್ಲ.